ಲಾಕ್-ಇನ್ ಮುಗಿಯುವ ಮುನ್ನ ಬಾಡಿಗೆ ಮನೆ ಬಿಟ್ಟ ಗರ್ಭಿಣಿ ವಿದ್ಯಾರ್ಥಿನಿ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ವಿದ್ಯಾರ್ಥಿನಿಯನ್ನು ಇಲ್ಲಿ ಸುಮಾ ಎಂದು ಕರೆದಿದೆ. ಗುರುತು ಸಿಗದಂತೆ ಹೆಸರು, ಊರು, ಮೊತ್ತಗಳನ್ನು ಬದಲಿಸಿದೆ.

ಸುಮಾಗೆ 24 ವರ್ಷ. ಬೆಂಗಳೂರಿನಲ್ಲಿ ಎಂ.ಎಸ್ಸಿ. ಎರಡನೇ ವರ್ಷ. ಮೇ ತಿಂಗಳಲ್ಲಿ ಮದುವೆಯಾಗಿತ್ತು. ಗಂಡನಿಗೆ ಹುಬ್ಬಳ್ಳಿಯಲ್ಲಿ ಕೆಲಸ, ತವರು ಶಿವಮೊಗ್ಗ. ಓದು ಮುಗಿಸಿಯೇ ಸಂಸಾರ ಹೂಡುವುದೆಂದು ಎರಡೂ ಮನೆಯವರು ಒಪ್ಪಿದ್ದರು. ಹಾಗಾಗಿ ಇಬ್ಬರು ಸಹಪಾಠಿಗಳ ಜೊತೆ ಜ್ಞಾನಭಾರತಿ ಆವರಣದ ಹತ್ತಿರ ಎರಡು ಬೆಡ್‌ರೂಮಿನ ಮನೆ ಹಿಡಿದಿದ್ದಳು. ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮಾಲಕಿ ಅರವತ್ತು ದಾಟಿದ ಒಂಟಿ ಹೆಂಗಸು, ನೆಲಮಹಡಿಯಲ್ಲೇ ವಾಸ. ಮೇಲಿನ ಮೂರು ಮನೆಗಳ ಬಾಡಿಗೆಯೇ ಅವರ ಆದಾಯ.

ಜುಲೈ 1ರಿಂದ ಮುಂದಿನ ಮೇ 31ರವರೆಗೆ 11 ತಿಂಗಳ ಕರಾರು. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು, ಅದನ್ನು ತಪ್ಪಿಸಲು ಊರೆಲ್ಲ 11 ತಿಂಗಳು ಬರೆಸುತ್ತದೆ. ಬಾಡಿಗೆ ₹24,000, ನಿರ್ವಹಣೆ ₹1,500, ಅಡ್ವಾನ್ಸ್ ₹1,20,000. ಎಲ್ಲವೂ ಮೂವರಿಗೆ ಸಮಪಾಲು, ಅಂದರೆ ತಲಾ ₹8,000, ₹500, ₹40,000. ಬ್ರೋಕರ್ ಇರಲಿಲ್ಲ, ಸೀನಿಯರ್ ಒಬ್ಬಳು ಬಿಟ್ಟುಹೋದ ಮನೆ.

ಕರಾರಿನಲ್ಲಿ ಮುಂದೆ ತೊಡಕಾದ ಷರತ್ತುಗಳು ನಾಲ್ಕು. ಮೊದಲ ಆರು ತಿಂಗಳು ಲಾಕ್-ಇನ್, ಅಷ್ಟರೊಳಗೆ ಬಿಟ್ಟರೆ ಉಳಿದ ತಿಂಗಳುಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಮುರಿಯಲಾಗುವುದು. ಎರಡು ತಿಂಗಳ ನೋಟಿಸ್. ಮನೆ ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ. ನಾಲ್ಕನೆಯದನ್ನು ಸಹಿ ಹಾಕುವಾಗ ಮೂವರಲ್ಲಿ ಯಾರೂ ಓದಿರಲಿಲ್ಲ: ‘ಬಾಡಿಗೆದಾರರು ಒಟ್ಟಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರರು.’ ಒಬ್ಬಳು ಕೊಡದಿದ್ದರೆ ಪೂರ್ತಿ ₹24,000 ಅನ್ನು ಉಳಿದ ಇಬ್ಬರಿಂದಲೂ ಕೇಳಬಹುದು ಎಂಬುದು ಅದರ ತಾತ್ಪರ್ಯ.

ಬಿಕ್ಕಟ್ಟು

ಆಗಸ್ಟ್ ಕೊನೆಯಲ್ಲಿ ಸುಮಾ ಗರ್ಭಿಣಿ ಎಂದು ಗೊತ್ತಾಯಿತು, ಆಗ ಏಳು ವಾರ. ಹೆರಿಗೆಯ ಅಂದಾಜು ದಿನ ಏಪ್ರಿಲ್ ಮಧ್ಯ. ಡಿಸೆಂಬರ್‌ವರೆಗೆ ಬೆಂಗಳೂರಿನಲ್ಲೇ ಇದ್ದು, ಲಾಕ್-ಇನ್ ಕಳೆದು, ಸೆಮಿಸ್ಟರ್ ಪರೀಕ್ಷೆಯನ್ನೂ ಮುಗಿಸಿಕೊಂಡು ತವರಿಗೆ ಹೋಗುವುದೆಂದು ಮನೆಯವರು ಲೆಕ್ಕ ಹಾಕಿದರು. ಆ ಹೊತ್ತಿಗೆ ಅದು ಸರಿಯಾದ ಲೆಕ್ಕವೇ.

ಒಂಬತ್ತನೇ ವಾರದಲ್ಲಿ ಸ್ವಲ್ಪ ರಕ್ತಸ್ರಾವ ಕಂಡಿತು. ಸ್ಕ್ಯಾನಿಂಗ್‌ನಲ್ಲಿ ಮಗುವಿನ ಎದೆಬಡಿತ ಚೆನ್ನಾಗಿತ್ತು. ಆದರೆ ವೈದ್ಯರು ವಿಶ್ರಾಂತಿ ಬರೆದು, ಭಾರ ಎತ್ತಬಾರದು, ಮೆಟ್ಟಿಲನ್ನು ಆದಷ್ಟು ಕಡಿಮೆ ಮಾಡಿ, ಒಬ್ಬರೇ ಇರಬೇಡಿ ಎಂದರು. ಮನೆಗೆ 54 ಮೆಟ್ಟಿಲು. ನೀರಿನ ಕ್ಯಾನ್ ತರುವವನು 20 ಲೀಟರಿನ ಕ್ಯಾನನ್ನು ಕೆಳಗೇ ಇಟ್ಟು ಹೋಗುತ್ತಿದ್ದ. ಗೆಳತಿಯರು ಬೆಳಿಗ್ಗೆ ಎಂಟೂವರೆಗೆ ಹೊರಟರೆ ಸಂಜೆ ಆರರವರೆಗೆ ಬರುತ್ತಿರಲಿಲ್ಲ. ಡಿಸೆಂಬರ್ ಲೆಕ್ಕ ಅಲ್ಲಿಗೆ ನಿಂತಿತು.

ಇಷ್ಟಾದರೂ ಮಾಲಕಿಗೆ ಹೇಳಿರಲಿಲ್ಲ. ಮೂರು ತಿಂಗಳು ತುಂಬುವವರೆಗೆ ಯಾರ ಕಿವಿಗೂ ಬೀಳಬಾರದು ಎಂಬುದು ಸುಮಾಳ ತಾಯಿಯ ಕಟ್ಟುನಿಟ್ಟು. ಈ ಪದ್ಧತಿಗೆ ಅದರದೇ ಕಾರಣವಿದೆ. ಗರ್ಭಪಾತಗಳಲ್ಲಿ ಹೆಚ್ಚಿನವು ಮೊದಲ 12 ವಾರಗಳಲ್ಲೇ ಆಗುವುದರಿಂದ, ಆಮೇಲೆ ಎಲ್ಲರಿಗೂ ಉತ್ತರ ಹೇಳುವ ಸಂಕಟ ಬೇಡ ಎಂದು ಹಿರಿಯರು ಬಾಯಿ ಕಟ್ಟುತ್ತಾರೆ. ಅದನ್ನು ಗೌರವಿಸಲೇಬೇಕು. ಆದರೆ ನೋಟಿಸ್ ಅವಧಿ ಎಣಿಕೆಗೆ ಬರುವುದು ಹೇಳಿದ ದಿನದಿಂದ. ಗುಟ್ಟನ್ನೂ ನೋಟಿಸನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದ ಎರಡು ವಾರಕ್ಕೂ ಹೆಚ್ಚು ಕಾಲ ಹೋಯಿತು. ಮನೆ ಬಿಡುವ ಸೂಚನೆಯಲ್ಲಿ ಕಾರಣ ಬರೆಯಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ, ಈ ಕರಾರೂ ಹೇಳಿರಲಿಲ್ಲ.

ಮೊದಲ ಎರಡು ಪ್ರಯತ್ನ

ಸೆಪ್ಟೆಂಬರ್ ಮಧ್ಯದಲ್ಲಿ ಗೆಳತಿಯರಲ್ಲಿ ಒಬ್ಬಳು ಮಾಲಕಿಗೆ ವಾಟ್ಸ್ಆ್ಯಪ್ ಮಾಡಿದಳು: ‘ಆಂಟಿ, ನಮ್ಮಲ್ಲಿ ಒಬ್ರು ಖಾಲಿ ಮಾಡಬೇಕಾಗಬಹುದು.’ ಉತ್ತರ ಬಂತು: ‘ಆರು ತಿಂಗಳು ಇರ್ಲೇಬೇಕು ಅಂತ ಬರೆದಿದೆ ಅಲ್ವೇನಮ್ಮ, ನೋಡೋಣ.’ ಸಂದೇಶದಲ್ಲಿ ಯಾರು, ಯಾವಾಗ, ಮುಂದೇನು ಎಂಬುದು ಯಾವುದೂ ಇರಲಿಲ್ಲ. ‘ಬಿಡಬೇಕಾಗಬಹುದು’ ಎನ್ನುವುದು ನೋಟಿಸ್ ಆಗುವುದಿಲ್ಲ. ಮಾಲಕಿಗೆ ಮಾತ್ರ ಗಾಬರಿ ಹತ್ತಿತು. ಒಬ್ಬಳು ಹೋದರೆ ಇಬ್ಬರೂ ಹಿಂದೆಯೇ ಹೋಗುತ್ತಾರೆ ಎಂದು ಅವರು ತೀರ್ಮಾನಿಸಿಬಿಟ್ಟರು.

ಎರಡನೆಯ ಪ್ರಯತ್ನ ಸುಮಾಳ ತಂದೆಯದು. ಶಿವಮೊಗ್ಗದಿಂದ ಭಾನುವಾರ ಬಂದು, ಹಣ್ಣು ಕೊಟ್ಟು, ವಿಷಯ ಬಿಚ್ಚಿಟ್ಟರು. ‘ಮಗು ಬಸುರಿ ಅಮ್ಮಾ, ಡಾಕ್ಟ್ರು ಮೆಟ್ಲು ಹತ್ತಬೇಡ ಅಂದಿದಾರೆ. ದೊಡ್ಡ ಮನಸ್ಸು ಮಾಡಿ.’ ಮಾಲಕಿಗೆ ಇವಳಿಗೆ ಮದುವೆಯಾಗಿದೆ ಎಂಬುದೇ ಗೊತ್ತಿರಲಿಲ್ಲ. ಮೊದಲು ಮುಖ ಬಿಗಿದರು, ಆಮೇಲೆ ಲಗ್ನಪತ್ರಿಕೆ ನೋಡಿ ಕಾಫಿ ಕೊಟ್ಟು ಸುಮಾಳ ತಲೆ ಸವರಿದರು. ಹಣದ ಮಾತು ಬಂದಾಗ ಹೇಳಿದ್ದು ಇಷ್ಟು: ‘ಪಾಪ, ಅದೆಲ್ಲ ಸರಿ ಸಾರ್. ಆದ್ರೆ ಅಗ್ರಿಮೆಂಟ್ ಅಗ್ರಿಮೆಂಟೇ ಅಲ್ವಾ?’

ಮನಸ್ಸು ಕರಗಿತು, ಲೆಕ್ಕ ಕರಗಲಿಲ್ಲ. ಅವರ ಪ್ರಕಾರ ಕರಾರು ಒಂದೇ, ಒಬ್ಬಳು ಬಿಟ್ಟರೂ ಅದು ಮುರಿದಂತೆ. ಅಕ್ಟೋಬರ್ ಕೊನೆಗೆ ಬಿಟ್ಟರೆ ನವೆಂಬರ್, ಡಿಸೆಂಬರ್ ಎರಡು ತಿಂಗಳಿಗೆ ₹48,000, ಪೇಂಟಿಂಗ್‌ಗೆ ₹24,000, ಒಟ್ಟು ₹72,000 ಮುರಿದು ಉಳಿದದ್ದನ್ನು ಮೂವರಿಗೂ ಕೊಡುತ್ತೇನೆ ಎಂದರು.

ಪ್ರಕರಣ ತಿರುವು ಪಡೆದದ್ದು ಇಲ್ಲಿ, ಅದೂ ಕೆಟ್ಟ ದಿಕ್ಕಿಗೆ. ಅಲ್ಲಿಯವರೆಗೆ ಸುಮಾಳ ಬೆನ್ನಿಗಿದ್ದ ಗೆಳತಿಯರು ಹೆದರಿದರು. ತಮ್ಮ ಮನೆಯವರು ಕಷ್ಟಪಟ್ಟು ಹೊಂದಿಸಿದ ₹40,000ದಲ್ಲಿ ₹24,000 ಇನ್ನೊಬ್ಬಳ ಕಾರಣಕ್ಕೆ ಹೋಗುತ್ತದೆ ಎಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಒಬ್ಬಳು ಮಾತು ಬಿಟ್ಟಳು. ಇಂಥ ಪ್ರಕರಣಗಳಲ್ಲಿ ಮಾಲೀಕರ ಜೊತೆಗಿನ ಜಗಳಕ್ಕಿಂತ ಮೊದಲು ಒಡೆಯುವುದು ರೂಮ್‌ಮೇಟ್‌ಗಳ ನಡುವಿನ ಸಂಬಂಧ. ಅದನ್ನು ಮೊದಲು ಸರಿಪಡಿಸದೆ ಮಾಲೀಕರ ಬಳಿ ಹೋಗಬಾರದು.

ಕಾನೂನು ಎಲ್ಲಿಯವರೆಗೆ ಜೊತೆ ಬರುತ್ತದೆ

ಈ ಹಂತದಲ್ಲಿ ಸುಮಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಅಲ್ಲಿಂದ ವಕೀಲರೊಬ್ಬರ ಸಲಹೆ ಪಡೆದಳು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ. ವಿದ್ಯಾರ್ಥಿನಿಯರಲ್ಲಿ ಬಹುಪಾಲು ಮಂದಿಗೆ ಇದು ತಿಳಿದಿಲ್ಲ.

ಮೊದಲು ಕೈಬಿಡಬೇಕಾದ ಆಸೆಗಳನ್ನು ವಕೀಲರು ಹೇಳಿದರು. ಗರ್ಭಿಣಿ ಎಂಬ ಕಾರಣಕ್ಕೆ ಬಾಡಿಗೆ ಕರಾರು ಮುರಿಯುವ ಹಕ್ಕನ್ನು ಇಲ್ಲಿನ ಯಾವ ಕಾಯ್ದೆಯೂ ಕೊಡುವುದಿಲ್ಲ. ಹೆರಿಗೆ ಸೌಲಭ್ಯದ ಕಾನೂನು ಇರುವುದು ಕೆಲಸದಲ್ಲಿರುವ ಹೆಣ್ಣುಮಕ್ಕಳಿಗೆ. ‘ಕರಾರು ಪಾಲಿಸುವುದು ಅಸಾಧ್ಯವಾಯಿತು’ ಎಂಬ ವಾದ, ಅಂದರೆ ಕರಾರು ಕಾಯ್ದೆಯ 56ನೇ ಕಲಮು, ಗುತ್ತಿಗೆಗೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಗೆಳತಿಯೊಬ್ಬಳು ಯೂಟ್ಯೂಬಿನಲ್ಲಿ ನೋಡಿದ್ದ 2021ರ ಮಾದರಿ ಬಾಡಿಗೆ ಕಾಯ್ದೆ ಮನೆ ಅಡ್ವಾನ್ಸ್‌ಗೆ ಎರಡು ತಿಂಗಳ ಮಿತಿ ಹಾಕುತ್ತದೆ ನಿಜ. ಆದರೆ ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನಾಗಿ ತರುವವರೆಗೆ ಮಾಲೀಕರನ್ನು ಕಟ್ಟಿಹಾಕುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ ₹3,500 ಮೀರಿದ ಮನೆಗಳಿಗೆ ಅನ್ವಯವಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನ 15 ದಿನಗಳ ನೋಟಿಸ್ ಕೂಡ ಕರಾರಿನಲ್ಲಿ ಬೇರೇನೂ ಬರೆಯದಿದ್ದಾಗ ಮಾತ್ರ. ಇಲ್ಲಿ ಎರಡು ತಿಂಗಳು ಎಂದು ಬರೆದಾಗಿತ್ತು.

ಉಪಯೋಗಕ್ಕೆ ಬಂದದ್ದು 1872ರ ಕರಾರು ಕಾಯ್ದೆಯ ಎರಡು ಕಲಮುಗಳು. ಕರಾರು ಮುರಿದರೆ ಇಷ್ಟು ಹಣ ಎಂದು ಬರೆದಿದ್ದರೂ, 74ನೇ ಕಲಮಿನ ಪ್ರಕಾರ ಸಿಗುವುದು ಆ ಮಿತಿಯೊಳಗಿನ ನ್ಯಾಯಯುತ ಪರಿಹಾರ. ಬರೆದ ಮೊತ್ತ ಗರಿಷ್ಠ ಮಿತಿಯೇ ಹೊರತು ಹಾಗೆಯೇ ಕೈಗೆ ಬರುವ ಗಂಟಲ್ಲ. 1963ರ ಫತೇಚಂದ್ ಪ್ರಕರಣದಿಂದ 2015ರ ಕೈಲಾಶ್‌ನಾಥ್ ಅಸೋಸಿಯೇಟ್ಸ್ ಪ್ರಕರಣದವರೆಗೆ ಸುಪ್ರೀಂ ಕೋರ್ಟ್ ಈ ಮಾತನ್ನು ಬಿಡಿಸಿ ಹೇಳಿದೆ. 73ನೇ ಕಲಮಿನ ವಿವರಣೆ, ನಷ್ಟ ಲೆಕ್ಕ ಹಾಕುವಾಗ ಅದನ್ನು ತಗ್ಗಿಸಿಕೊಳ್ಳಲು ಇದ್ದ ದಾರಿಗಳನ್ನೂ ನೋಡಬೇಕು ಎನ್ನುತ್ತದೆ. ಬಾಡಿಗೆ ಮನೆಗೆ ಹೇಳುವುದಾದರೆ, ಬೇರೊಬ್ಬರು ಬರಲು ಸಿದ್ಧರಿರುವಾಗ ಬಾಗಿಲು ಹಾಕಿಕೊಂಡು ಪೂರ್ತಿ ಬಾಡಿಗೆ ಕೇಳುವುದು ಕಷ್ಟ.

ಇದು ಗೆದ್ದೇ ಗೆಲ್ಲುವ ವಾದ ಎಂದು ವಕೀಲರು ಹೇಳಲಿಲ್ಲ. ಲಾಕ್-ಇನ್ ವಿಚಾರದಲ್ಲಿ ನ್ಯಾಯಾಲಯಗಳು ಆಯಾ ಪ್ರಕರಣದ ಕರಾರು ನೋಡಿ ತೀರ್ಮಾನಿಸುತ್ತವೆ. ಜೊತೆಗೆ, ಛಾಪಾ ಶುಲ್ಕ ಕಡಿಮೆ ಬಿದ್ದಿರುವ ಕರಾರನ್ನು ಶುಲ್ಕ, ದಂಡ ಕಟ್ಟುವವರೆಗೆ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ₹40,000ಕ್ಕೆ ದಾವೆ ಹೂಡಿ, ಹೊಟ್ಟೆಯಲ್ಲಿ ಮಗು ಹೊತ್ತು ವಾಯಿದೆ ವಾಯಿದೆಗೆ ಅಲೆಯುವುದು ಯಾರಿಗೂ ಬೇಡ. ಕಾನೂನಿನಿಂದ ಸಿಕ್ಕಿದ್ದು ಕೇಳಬೇಕಾದ ಒಂದು ಸರಿಯಾದ ಪ್ರಶ್ನೆ: ಮಾಲಕಿಗೆ ನಿಜವಾಗಿ ಆಗುವ ನಷ್ಟ ಎಷ್ಟು?

ಬ್ರೋಕರ್ ಖರ್ಚು ಇಲ್ಲ. ಇಬ್ಬರು ಉಳಿಯುವುದರಿಂದ ಮನೆ ಖಾಲಿ ಬೀಳುವುದಿಲ್ಲ. ಪೇಂಟಿಂಗ್ ಈಗ ಮಾಡಿಸಬೇಕಿಲ್ಲ. ನಷ್ಟ ಇರುವುದು ಸುಮಾಳ ಪಾಲಿನ ತಿಂಗಳಿಗೆ ₹8,500, ಅದೂ ಬದಲಿ ಹುಡುಗಿ ಬರುವವರೆಗೆ. ತಂದೆ ಕರುಣೆ ಕೇಳಿದಾಗ ಮಾಲಕಿಗೆ ಕೊಡಲು ಕಾಫಿ ಮಾತ್ರ ಇತ್ತು. ಈ ಲೆಕ್ಕ ಮುಂದಿಟ್ಟ ಮೇಲೆ ಅವರಿಗೆ ಚೌಕಾಸಿ ಮಾಡಲು ಒಂದು ವಸ್ತು ಸಿಕ್ಕಿತು.

ನೋಟಿಸ್

ಗೆಳತಿಯರ ಜೊತೆ ಮೊದಲು ಒಪ್ಪಂದವಾಯಿತು. ಬದಲಿ ಹುಡುಗಿ ಬರುವವರೆಗೆ ಸುಮಾಳ ಪಾಲನ್ನು ಸುಮಾಳೇ ಕೊಡುವುದು, ಅವರಿಬ್ಬರ ಅಡ್ವಾನ್ಸ್‌ಗೆ ಕುಂದು ಬಂದರೆ ಆಕೆಯೇ ತುಂಬಿಕೊಡುವುದು, ಬರುವವಳನ್ನು ಆರಿಸುವಾಗ ಅವರ ಮಾತೇ ಕೊನೆ. ಒಂದು ಪುಟದಲ್ಲಿ ಬರೆದು ಮೂವರೂ ಸಹಿ ಮಾಡಿದರು. ಮಾತು ಬಿಟ್ಟಿದ್ದವಳು ಅವತ್ತು ಸಂಜೆ ನೀರಿನ ಕ್ಯಾನ್ ಹೊತ್ತು ತಂದಳು.

ಸೆಪ್ಟೆಂಬರ್ 19ರಂದು ನೋಟಿಸ್ ಹೋಯಿತು. ಅದರ ಸಾರ:

‘ಜುಲೈ 1ರ ಬಾಡಿಗೆ ಕರಾರಿನ ಮೂವರು ಬಾಡಿಗೆದಾರರಲ್ಲಿ ನಾನೊಬ್ಬಳು. ವೈದ್ಯಕೀಯ ಕಾರಣದಿಂದ ಅಕ್ಟೋಬರ್ 31ರಂದು ಮನೆ ಬಿಡುತ್ತಿದ್ದೇನೆ. ಉಳಿದ ಇಬ್ಬರು ಮುಂದುವರಿಯುತ್ತಾರೆ, ಅವರ ಸಹಿ ಕೆಳಗಿದೆ. ನನ್ನ ಜಾಗಕ್ಕೆ ತಾವು ಒಪ್ಪುವ ಬಾಡಿಗೆದಾರಳನ್ನು ನಾನೇ ಕರೆತರುತ್ತೇನೆ. ಆಕೆ ಬರುವವರೆಗೆ, ಗರಿಷ್ಠ ನವೆಂಬರ್ 30ರವರೆಗೆ, ನನ್ನ ಪಾಲಿನ ಬಾಡಿಗೆ ₹8,000 ಮತ್ತು ನಿರ್ವಹಣೆ ₹500 ಕೊಡುತ್ತೇನೆ. ಆಕೆ ಬಂದ ದಿನ ಹೊಸ ಕರಾರು ಮಾಡಿಕೊಂಡು ನನ್ನನ್ನು ಹೊಣೆಯಿಂದ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ.’

ನವೆಂಬರ್ 30 ಎಂಬ ದಿನಾಂಕವನ್ನು ಬೇಕೆಂದೇ ಇಡಲಾಯಿತು. ಸೆಪ್ಟೆಂಬರ್ 19ರಿಂದ ಎರಡು ತಿಂಗಳು ನವೆಂಬರ್ 19ಕ್ಕೆ ಮುಗಿಯುತ್ತದೆ. 30ರವರೆಗೆ ಹಣ ಕೊಡುತ್ತೇನೆ ಎಂದ ಮೇಲೆ ನೋಟಿಸ್ ಷರತ್ತಿನ ಬಗ್ಗೆ ತಕರಾರೇ ಉಳಿಯಲಿಲ್ಲ. ಲಾಕ್-ಇನ್ ಬಗ್ಗೆ ವಾದ ಉಳಿದದ್ದು ಡಿಸೆಂಬರ್ ಒಂದೇ ತಿಂಗಳಿಗೆ. ₹72,000ದ ಭಯ ₹8,500ರ ಚರ್ಚೆಯಾಗಿ ಇಳಿಯಿತು.

ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅದರ ಪಿಡಿಎಫ್ ಅನ್ನು ವಾಟ್ಸ್ಆ್ಯಪ್‌ನಲ್ಲೂ ಹಾಕಿ, ಇನ್ನೊಂದು ಪ್ರತಿಯನ್ನು ಕೈಗೆ ಕೊಟ್ಟು ‘ತಲುಪಿದೆ’ ಎಂದು ಸಹಿ ತೆಗೆದುಕೊಂಡರು. ಕೆಳಗಿನ ಮನೆಯಲ್ಲೇ ಇರುವವರಿಗೆ ಅಂಚೆ ಯಾಕೆ ಎಂದು ತಂದೆಗೆ ಮುಜುಗರ. ಮಾಲಕಿಗೂ ಬೇಸರವಾಯಿತು. ‘ಆಂಟಿ, ಕಾಲೇಜಿಗೂ ಇದರ ಪ್ರತಿ ಕೊಡಬೇಕು’ ಎಂದಾಗ ಸಮಾಧಾನಗೊಂಡರು. ಅದು ನಿಜವೂ ಆಗಿತ್ತು.

ಜೊತೆಗಿಟ್ಟ ವೈದ್ಯಕೀಯ ಪ್ರಮಾಣಪತ್ರದಲ್ಲಿ ಗರ್ಭದ ಮಾತು ಇರಲಿಲ್ಲ. ‘ವೈದ್ಯಕೀಯ ಕಾರಣಗಳಿಂದ ಮೆಟ್ಟಿಲು ಹತ್ತುವುದನ್ನೂ ಭಾರ ಎತ್ತುವುದನ್ನೂ ತಪ್ಪಿಸಿ, ಕುಟುಂಬದವರ ಆರೈಕೆಯಲ್ಲಿರಲು ಸಲಹೆ ನೀಡಲಾಗಿದೆ’ ಎಂಬ ಒಂದು ಸಾಲು, ದಿನಾಂಕ, ಸಹಿ, ಮೊಹರು, ವೈದ್ಯರ ನೋಂದಣಿ ಸಂಖ್ಯೆ. ಸುಮಾಳ ವಿಚಾರ ಆಗಲೇ ಮಾಲಕಿಗೆ ತಿಳಿದಿದ್ದರೂ, ಕಾಗದ ಹತ್ತು ಕೈ ದಾಟುತ್ತದೆ. ಮದುವೆಯಾಗದ ವಿದ್ಯಾರ್ಥಿನಿಗೆ, ಅಥವಾ ಗರ್ಭ ಮುಂದುವರಿಸದಿರಲು ನಿರ್ಧರಿಸಿದವಳಿಗೆ ಈ ಒಂದು ಸಾಲು ಇನ್ನೂ ಮುಖ್ಯ. ಗರ್ಭಪಾತ ಮಾಡಿಸಿಕೊಂಡವಳ ಗುರುತನ್ನು ಕಾನೂನು ಅಧಿಕಾರ ಕೊಟ್ಟವರಿಗಲ್ಲದೆ ಬೇರೆಯವರಿಗೆ ಬಿಟ್ಟುಕೊಡಬಾರದೆಂದು 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ. ಮನೆ ಮಾಲೀಕರಿಗೆ ಸ್ಕ್ಯಾನಿಂಗ್ ವರದಿ, ತಾಯಿ ಕಾರ್ಡ್ ತೋರಿಸುವ ಅಗತ್ಯ ಎಂದೂ ಇಲ್ಲ.

ಬದಲಿ ಹುಡುಗಿ

ನೋಟಿಸ್ ಹೋದದ್ದು ಪಿತೃಪಕ್ಷದಲ್ಲಿ. ಮಹಾಲಯ ಅಮಾವಾಸ್ಯೆ ಕಳೆಯುವವರೆಗೆ ಯಾರೂ ಮನೆ ನೋಡಲು ಬರುವುದಿಲ್ಲ ಎಂದು ಮಾಲಕಿ ಹೇಳಿದ್ದು ನಿಜವಾಯಿತು. ಬೆಂಗಳೂರಿನಲ್ಲಿ ಮನೆ ಬದಲಿಸುವವರು ಆಷಾಢ, ಪಿತೃಪಕ್ಷ, ಧನುರ್ಮಾಸ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹುಡುಗಿಯರಿಗೆ ಅಭ್ಯಂತರ ಇರದಿದ್ದರೂ ಅಡ್ವಾನ್ಸ್ ಕೊಡುವವರು ಅಪ್ಪ ಅಮ್ಮ. ಆ ಎರಡು ವಾರ ಸುಮ್ಮನೆ ಕೂರದೆ, ವಿಭಾಗದ ವಾಟ್ಸ್ಆ್ಯಪ್ ಗುಂಪುಗಳಿಗೆ, ಹಾಸ್ಟೆಲ್ ಸಿಗದೆ ಕಾಯುತ್ತಿದ್ದ ಹೊಸ ವಿದ್ಯಾರ್ಥಿನಿಯರಿಗೆ ಮನೆಯ ವಿಡಿಯೊ ಕಳಿಸಿದರು. ಜಾಹೀರಾತಿನಲ್ಲಿ ಬಾಡಿಗೆ, ಅಡ್ವಾನ್ಸ್, ಲಿಫ್ಟ್ ಇಲ್ಲ, ಮನೆಯಲ್ಲಿ ಮಾಂಸ ಬೇಯಿಸುವಂತಿಲ್ಲ, ರಾತ್ರಿ ಹತ್ತಕ್ಕೆ ಗೇಟು ಎಲ್ಲವನ್ನೂ ಮೊದಲೇ ಬರೆದರು. ಕೊನೆಯ ಗಳಿಗೆಯಲ್ಲಿ ಕೈಕೊಡುವವರು ಹೆಚ್ಚಾಗಿ ಇಂಥ ನಿಯಮ ಆಮೇಲೆ ಗೊತ್ತಾದವರೇ.

ಮೊದಲು ಬಂದವಳು ಅಡುಗೆಯ ನಿಯಮ ಒಪ್ಪಲಿಲ್ಲ. ಎರಡನೆಯವಳಿಗೆ ಹಾಸ್ಟೆಲ್ ಸಿಕ್ಕಿತು. ತಡವಾಗಿ ಪ್ರವೇಶ ಪಡೆದ ಮೂರನೆಯವಳ ತಂದೆ ವಿಜಯದಶಮಿಯ ದಿನ ₹5,000 ಟೋಕನ್ ಕೊಟ್ಟರು. ದೀಪಾವಳಿ ಮುಗಿಸಿಕೊಂಡು ನವೆಂಬರ್ 10ಕ್ಕೆ ಬರುವುದು ಎಂದಾಯಿತು. ಟೋಕನ್ ಪಡೆಯುವ ಮೊದಲೇ ಹುಡುಗಿಯನ್ನು ಮಾಲಕಿಯ ಮುಂದೆ ಕೂರಿಸಿ ಮಾತಾಡಿಸಿದ್ದು ಒಳ್ಳೆಯದಾಯಿತು. ಆಧಾರ್ ಪ್ರತಿ, ಕಾಲೇಜಿನ ಗುರುತಿನ ಚೀಟಿ, ತಂದೆಯ ಫೋನ್ ನಂಬರ್ ಎಲ್ಲ ಕೈಗೆ ಬಂದ ಮೇಲೆ ಮಾಲಕಿ ಡಿಸೆಂಬರ್ ಮಾತನ್ನು ಮತ್ತೆ ಎತ್ತಲೇ ಇಲ್ಲ. ಅವರ ಹೆದರಿಕೆ ಇದ್ದದ್ದು ಗುರುತಿಲ್ಲದ ಹುಡುಗಿ ಮನೆ ಸೇರುತ್ತಾಳೆ ಎಂಬುದಕ್ಕೆ, ಬಾಡಿಗೆ ನಿಲ್ಲುತ್ತದೆ ಎಂಬುದಕ್ಕೆ.

ಲೆಕ್ಕ

ಹಣ ಕೈ ಬದಲಿಸುವುದರಲ್ಲಿ ಒಂದು ಅಪಾಯವಿದೆ. ಬರುವವಳು ಹೋಗುವವಳಿಗೆ ನೇರವಾಗಿ ಅಡ್ವಾನ್ಸ್ ಕೊಟ್ಟು, ಮಾಲೀಕರ ಸಹಿ ಇಲ್ಲದಿದ್ದರೆ, ಮೇ ತಿಂಗಳಲ್ಲಿ ‘ನೀನು ನನಗೆ ದುಡ್ಡೇ ಕೊಟ್ಟಿಲ್ಲವಲ್ಲಮ್ಮ’ ಎಂಬ ಮಾತು ಬರಬಹುದು. ಹಾಗಾಗಿ ಕ್ರಮ ಹೀಗಿತ್ತು: ಮೊದಲು ಹೊಸ ಮೂವರ ಹೆಸರಿನ ಕರಾರು, ಅದರಲ್ಲಿ ‘ಹಿಂದಿನ ಅಡ್ವಾನ್ಸ್ ₹1,20,000 ಈ ಕರಾರಿಗೆ ಮುಂದುವರಿದಿದೆ, ಹೊಸ ಬಾಡಿಗೆದಾರಳ ಪಾಲು ₹40,000’ ಎಂಬ ಸಾಲು, ಅದೇ ಹೊತ್ತಿಗೆ ಸುಮಾಗೆ ಮಾಲಕಿಯಿಂದ ಬಿಡುಗಡೆ ಪತ್ರ, ಕೊನೆಗೆ ಯುಪಿಐ ಮೂಲಕ ಹಣ. ನಗದು ಬೇಡ.

ಪೇಂಟಿಂಗ್ ವಿಷಯ ಸ್ವಲ್ಪ ಎಳೆದಾಡಿತು. ಸುಮಾಳ ಪಾಲಿನ ₹8,000 ಈಗಲೇ ಬೇಕು ಎಂದರು ಮಾಲಕಿ. ಷರತ್ತಿನಲ್ಲಿ ಇದ್ದದ್ದು ‘ಮನೆ ಖಾಲಿ ಮಾಡುವಾಗ’. ಮನೆ ಖಾಲಿಯಾಗಿರಲಿಲ್ಲ, ಸುಣ್ಣ ಬಣ್ಣ ಆಗುವುದು ಮೇ ತಿಂಗಳಲ್ಲಿ. ಅದನ್ನು ಒಪ್ಪಿಕೊಂಡರು. ಆದರೆ ಹೊಸ ಹುಡುಗಿಯ ಆಕ್ಷೇಪ ನ್ಯಾಯವಾದದ್ದು: ಏಳು ತಿಂಗಳು ಇದ್ದು 11 ತಿಂಗಳ ಪೇಂಟಿಂಗ್ ನಾನೇಕೆ ಕೊಡಲಿ? 11ರಲ್ಲಿ ನಾಲ್ಕು ತಿಂಗಳ ಪಾಲು ₹2,909. ಅದನ್ನು ₹3,000 ಎಂದು ಹಿಡಿದು, ಹೊಸಬಳು ಸುಮಾಗೆ ₹40,000ದ ಬದಲು ₹37,000 ಕೊಟ್ಟಳು. ನವೆಂಬರ್ 1ರಿಂದ 9ರವರೆಗೆ ಒಂಬತ್ತು ದಿನದ ಬಾಡಿಗೆ ₹2,400, ನಿರ್ವಹಣೆ ₹150 ಮಾಲಕಿಗೆ ಹೋಯಿತು. ಹೊಸ ಕರಾರಿನ ಇ-ಸ್ಟ್ಯಾಂಪ್, ಟೈಪಿಂಗ್ ಖರ್ಚು ₹1,450 ಸುಮಾ ಕೊಟ್ಟಳು. ಕೈಗೆ ಉಳಿದದ್ದು ₹33,000.

ಒಂದು ತಕರಾರು ಬೀಗದ ಕೈ ಕೊಡುವ ದಿನ ಹುಟ್ಟಿತು. ಸುಮಾಳ ಮಂಚದ ಹಿಂದೆ, ಕಿಟಕಿಯ ಕೆಳಗೆ, ಅಂಗೈ ಅಗಲದಷ್ಟು ಜಾಗದಲ್ಲಿ ಬಣ್ಣ ಉಬ್ಬಿ ಎದ್ದಿತ್ತು. ಬೆರಳು ತಾಗಿಸಿದರೆ ಸುಣ್ಣದ ಪುಡಿ ಉದುರುತ್ತಿತ್ತು. ಬಟ್ಟೆ ಒಣಗಿಸಿ ಹಾಳು ಮಾಡಿದ್ದೀರಿ ಎಂದರು ಮಾಲಕಿ. ಜುಲೈ 1ರಂದು ಮನೆಗೆ ಬಂದಾಗ ತೆಗೆದ ವಿಡಿಯೊದಲ್ಲಿ ಅದೇ ಕಲೆ ಇತ್ತು, ಸ್ವಲ್ಪ ಚಿಕ್ಕದಾಗಿ. ಕಿಟಕಿಯ ಸಜ್ಜದಿಂದ ಮಳೆನೀರು ಇಳಿಯುತ್ತಿತ್ತು. ವಿಡಿಯೊ ನೋಡಿ ಅವರು ಮೇಸ್ತ್ರಿಗೆ ಫೋನ್ ಮಾಡಿದರು. ಮನೆ ಸೇರಿದ ದಿನ ಗೋಡೆ, ನಲ್ಲಿ, ಗೀಸರ್, ಸ್ವಿಚ್ಚು, ಬಾಗಿಲ ಚಿಲಕಗಳ ವಿಡಿಯೊ ತೆಗೆದು ಮಾಲೀಕರಿಗೇ ಕಳಿಸಿಡಬೇಕು. ನಮ್ಮ ಫೋನಿನಲ್ಲೇ ಇದ್ದರೆ ಅದು ಅರ್ಧ ಸಾಕ್ಷಿ.

ಕರೆಂಟ್ ಬಿಲ್ಲಿನಲ್ಲಿ ಯಾರೂ ಯೋಚಿಸದ ಒಂದು ಗಂಟು ಇತ್ತು. ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಗೆ ಆ ಮನೆಯ ಆರ್.ಆರ್. ಸಂಖ್ಯೆಯ (ವಿದ್ಯುತ್ ಸಂಪರ್ಕದ ಸಂಖ್ಯೆ) ಜೊತೆ ಜೋಡಿಸಿದ್ದದ್ದು ಸುಮಾಳ ಆಧಾರ್. ಹಾಗೆಯೇ ಬಿಟ್ಟು ಹೋದರೆ ಮುಂದೆ ತಾನಿರುವ ಮನೆಗೆ ಆಕೆ ಅರ್ಜಿ ಹಾಕುವಾಗ ತೊಡಕು. ಆಕೆ ತೆಗೆಸಿದರೆ, ಗೆಳತಿಯರು ತಮ್ಮ ಹೆಸರಲ್ಲಿ ಹಾಕಿಸುವವರೆಗೆ ಅವರಿಗೆ ಪೂರ್ತಿ ಬಿಲ್ಲು. ಮೀಟರ್ ಫೋಟೊ ತೆಗೆದುಕೊಂಡು, ಸೇವಾ ಸಿಂಧು ಪೋರ್ಟಲ್‌ನಲ್ಲಿ ಸುಮಾಳ ಆಧಾರ್ ಡಿ-ಲಿಂಕ್ ಮಾಡಿ, ಅಂದೇ ಗೆಳತಿಯೊಬ್ಬಳ ಹೆಸರಲ್ಲಿ ಅರ್ಜಿ ಹಾಕಿದರು.

ಸಾಮಾನು ಇಳಿಸುವಾಗ ಸುಮಾ ಮೇಲೆ ಇರಲೇ ಇಲ್ಲ. ಮಂಚ, ಹಾಸಿಗೆ ಹೊಸಬಳಿಗೆ ಬಿಟ್ಟಳು. ಪುಸ್ತಕ, ಬಟ್ಟೆ, ಆಸ್ಪತ್ರೆಯ ಕಡತ ಮಾತ್ರ ಜೊತೆಗೆ ಹೋಯಿತು. ತಾಯಿ ಕಾರ್ಡ್, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ವರದಿಗಳ ಮೂಲಪ್ರತಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ತವರಿನ ಆಸ್ಪತ್ರೆಯಲ್ಲಿ ಮೊದಲ ದಿನವೇ ಕೇಳುತ್ತಾರೆ.

ಕಾಲೇಜು

ಮನೆ ಬಿಡುವ ದಿನವನ್ನು ಕಾಲೇಜಿನ ವೇಳಾಪಟ್ಟಿ ನೋಡದೆ ನಿಗದಿ ಮಾಡಬಾರದು. ಸುಮಾಗೆ ಶೇ. 75 ಹಾಜರಾತಿ ಬೇಕಿತ್ತು, ಪ್ರಾಯೋಗಿಕ ಪರೀಕ್ಷೆ ಬಾಕಿ ಇತ್ತು. ಪದವಿ, ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ, ಹಾಜರಾತಿ ವಿನಾಯಿತಿಗೆ ನಿಯಮ ರೂಪಿಸಿ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಬರೆದಿದೆ. ಪಿಎಚ್.ಡಿ. ವಿದ್ಯಾರ್ಥಿನಿಯರಿಗಾದರೆ 240 ದಿನಗಳ ರಜೆ ನಿಯಮದಲ್ಲೇ ಇದೆ. ಸುಮಾ ಗೈರುಹಾಜರಿ ಶುರುವಾಗುವ ಮೊದಲೇ ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದಳು. ಹಾಜರಾತಿ ಕೊರತೆಯ ಪಟ್ಟಿ ಹೊರಬಿದ್ದ ಮೇಲೆ ಕೊಟ್ಟ ಅರ್ಜಿಗಳಿಗೆ ಎಲ್ಲ ಕಡೆ ಕಷ್ಟ.

ಪರೀಕ್ಷೆಗೆ ಉಳಿದುಕೊಳ್ಳಲು ವಿಜಯನಗರದಲ್ಲಿ ಚಿಕ್ಕಮ್ಮನ ನೆಲಮಹಡಿಯ ಮನೆ ಇತ್ತು. ಅಲ್ಲಿಂದ ಜ್ಞಾನಭಾರತಿಗೆ ನೇರಳೆ ಮಾರ್ಗದ ಮೆಟ್ರೊ, ನಿಲ್ದಾಣಗಳಲ್ಲಿ ಲಿಫ್ಟ್. ಇಂಥ ನೆಂಟರಿಲ್ಲದವರು ಪರೀಕ್ಷೆಯ ವಾರಗಳಿಗೆ ಕೆಳಮಹಡಿಯ ಪಿಜಿ ನೋಡಿಕೊಳ್ಳಬಹುದು. ಪಿಜಿಗಳಲ್ಲಿ ಲಾಕ್-ಇನ್ ಕಡಿಮೆ, ಸಾಮಾನ್ಯವಾಗಿ ಒಂದು ತಿಂಗಳ ನೋಟಿಸ್. ಆದರೆ ಅಡ್ವಾನ್ಸ್‌ನಲ್ಲಿ ‘ಮೇಂಟೆನೆನ್ಸ್’ ಎಂದು ಎಷ್ಟು ಮುರಿಯುತ್ತಾರೆ ಎಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಬೇಕು.

ಒಪ್ಪಂದವಾಗದಿದ್ದರೆ

ಮಾತು ಮುರಿದಿದ್ದರೆ ಮುಂದಿನ ಹೆಜ್ಜೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆಪೂರ್ವ ಅರ್ಜಿ. ಅಲ್ಲಿಂದ ಮಾಲೀಕರಿಗೆ ಕರೆ ಹೋಗುತ್ತದೆ, ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಆ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಅಡ್ವಾನ್ಸ್ ವಸೂಲಿಗೆ ದಾವೆ ಹೂಡಲು ಮೂರು ವರ್ಷ ಕಾಲಾವಕಾಶವಿದೆ, ಹಾಗಾಗಿ ಬಾಣಂತನ ಮುಗಿಸಿಕೊಂಡು ಬಂದು ಕೇಳಿದರೂ ಹಕ್ಕು ಹೋಗಿರುವುದಿಲ್ಲ. ಕೊನೆಯ ತಿಂಗಳ ಬಾಡಿಗೆಯನ್ನು ‘ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ’ ಎಂದು ನಿಲ್ಲಿಸುವುದು ಮಾತ್ರ ಬೇಡ. ಹಾಗೆ ಮಾಡಿದರೆ ಕರಾರು ಮುರಿದವರು ಬಾಡಿಗೆದಾರರೇ ಆಗುತ್ತಾರೆ, ಜೊತೆಯಲ್ಲಿರುವವರಿಗೂ ಬಿಸಿ ತಟ್ಟುತ್ತದೆ.

ಹೊಸ ಕರಾರಿನ ಷರತ್ತು

ಹೊಸ ಕರಾರು ಬರೆಸುವಾಗ ಗೆಳತಿಯರು ಈ ಷರತ್ತು ಸೇರಿಸಲು ಕೇಳಿದರು:

‘ಬಾಡಿಗೆದಾರರಲ್ಲಿ ಒಬ್ಬರು ಆರೋಗ್ಯ, ಹೆರಿಗೆ, ಶಿಕ್ಷಣ ಅಥವಾ ಉದ್ಯೋಗದ ಕಾರಣಕ್ಕೆ ಮನೆ ಬಿಡಬೇಕಾದಲ್ಲಿ 30 ದಿನಗಳ ಲಿಖಿತ ಸೂಚನೆ ಕೊಟ್ಟು, ಮಾಲೀಕರು ಒಪ್ಪುವ ಬದಲಿ ಬಾಡಿಗೆದಾರರನ್ನು ಒದಗಿಸತಕ್ಕದ್ದು. ಬದಲಿ ಬಾಡಿಗೆದಾರರು ಬರುವವರೆಗೆ, ಗರಿಷ್ಠ 60 ದಿನಗಳವರೆಗೆ, ಬಿಡುವವರ ಪಾಲಿನ ಬಾಡಿಗೆ ಮಾತ್ರ ಸಲ್ಲತಕ್ಕದ್ದು. ಉಳಿದವರ ಅಡ್ವಾನ್ಸ್‌ನಲ್ಲಿ ಈ ಕಾರಣಕ್ಕೆ ಮುರಿಯತಕ್ಕದ್ದಲ್ಲ.’

‘ಪಾಲಿನ ಬಾಡಿಗೆ ಮಾತ್ರ’ ಎಂಬುದು ಒಟ್ಟು ಹೊಣೆಯ ಷರತ್ತಿನ ಹರಿತವನ್ನು ತಗ್ಗಿಸುತ್ತದೆ. 60 ದಿನ ಎಂಬ ಮಿತಿ ಇಲ್ಲದಿದ್ದರೆ ‘ಬದಲಿ ಬರುವವರೆಗೆ’ ಎನ್ನುವುದು ಮೇ ತಿಂಗಳವರೆಗೂ ಎಳೆಯಬಹುದು. ಮಾಲಕಿ ಓದಿ, ‘ಉದ್ಯೋಗ’ವನ್ನು ಹೊಡೆದುಹಾಕಿಸಿದರು, ‘ಹೆರಿಗೆ’ಯನ್ನು ಉಳಿಸಿದರು, ಬದಲಿಯಾಗಿ ಬರುವವರ ಆಧಾರ್ ಪ್ರತಿ ಮತ್ತು ತಂದೆ ಅಥವಾ ತಾಯಿಯ ಫೋನ್ ನಂಬರ್ ಒಂದು ವಾರ ಮೊದಲೇ ತಮಗೆ ಸಿಗಬೇಕು ಎಂಬ ಸಾಲು ಸೇರಿಸಿದರು. ಮೂವರು ಹುಡುಗಿಯರೂ ಅದಕ್ಕೆ ಸಹಿ ಮಾಡಿದರು.